ಎಲ್ಲರ ಮನೆಯ ದೋಸೆಯೂ ತೂತೇ? ತೂತು ಎಣಿಸುವವರಿಗೊಂದು ಕೈಪಿಡಿ

‘ಎಲ್ಲರ ಮನೆಯ ದೋಸೆಯೂ ತೂತೇ’ ಎನ್ನುವ ಗಾದೆ ಅರ್ಧ ಸುಳ್ಳು. ಅನುಮಾನವಿದ್ದರೆ ನಾಳೆ ಬೆಳಿಗ್ಗೆಯೇ ಪರೀಕ್ಷಿಸಿ. ಒಂದು ಸೆಟ್ ದೋಸೆಯನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಕಿಟಕಿಯ ಬೆಳಕಿಗೆ ಎತ್ತಿ. ಮೇಲ್ಮೈ ತುಂಬ ಜೇನುಹುಟ್ಟಿನ ಹಾಗೆ ನೂರಾರು ಬಾಯಿಗಳು ಕಾಣುತ್ತವೆ. ಆದರೆ ಬೆಳಕು ಒಂದರಿಂದಲೂ ಈಚೆಗೆ ಬರುವುದಿಲ್ಲ. ಕಾವಲಿಗೆ ತಾಗಿ ಕೆಂಪಗೆ ಬೆಂದ ತಳದ ಪದರ ಅಷ್ಟನ್ನೂ ಮುಚ್ಚಿರುತ್ತದೆ. ಚಟ್ನಿ ಆ ಬಾಯಿಗಳಲ್ಲಿ ನಿಲ್ಲುವುದು ಅದಕ್ಕೇ. ಆಮೇಲೆ ಒಂದು ನೀರ್ ದೋಸೆಯನ್ನು ಎತ್ತಿ ಹಿಡಿಯಿರಿ. ನಮ್ಮ ಮನೆಯ ಕಿಟಕಿಯಾಚೆ ಇರುವ ಸೀಬೆ ಮರದ ಎಲೆಗಳು ಅದರ ಮೂಲಕ ಚೂರುಚೂರಾಗಿ ಕಾಣುತ್ತವೆ. ನೀರ್ ದೋಸೆಗೆ ತೂತಿದೆ. ಸೆಟ್ ದೋಸೆಗಿರುವುದು ಗುಳಿ.

ತೂತು ಎಣಿಸುವುದು ಮಕ್ಕಳಾಟದಂತೆ ಕಂಡರೂ ನಾಲ್ವರು ಕೂತು ಶುರುಮಾಡಿದರೆ ಜಗಳದಲ್ಲಿ ಮುಗಿಯುತ್ತದೆ. ಎಳನೀರಿನ ಸ್ಟ್ರಾಗೆ ಒಂದು ತೂತೋ ಎರಡೋ? ಬನಿಯನ್ನಿಗೆ ಮೂರೋ ನಾಲ್ಕೋ? ಕಾಲುಚೀಲಕ್ಕೆ ಒಂದಾದರೂ ಇದೆಯೇ? ಗಣಿತದವರು ಇದಕ್ಕೆಲ್ಲ ಲೆಕ್ಕ ಹಾಕಿಟ್ಟಿದ್ದಾರೆ. ಆ ಗಣಿತದ ಶಾಖೆಗೆ ಟೋಪಾಲಜಿ ಎಂಬ ಹೆಸರನ್ನು ಜರ್ಮನಿಯ ಯೋಹಾನ್ ಲಿಸ್ಟಿಂಗ್ 1847ರಲ್ಲಿ ಅಚ್ಚು ಹಾಕಿಸಿದ. ಆದರೆ ಕನ್ನಡ ಬಲ್ಲವರಿಗೆ ಅರ್ಧ ದಾರಿ ಮೊದಲೇ ಸವೆದಿರುತ್ತದೆ ಎಂಬುದು ನನ್ನ ವಾದ. ನಮ್ಮ ಮಾತುಗಳನ್ನು ಅಳೆದು ಬಳಸಿದರೆ ಸಾಕು, ಮುಕ್ಕಾಲು ಪಾಲು ಜಗಳ ಹುಟ್ಟುವುದೇ ಇಲ್ಲ.

ಬೇಕಾಗುವ ಸಾಮಾನು: ಎರಡು ಮಾರು ದಾರ, ಒಂದು ಮುಷ್ಟಿ ಚಪಾತಿ ಹಿಟ್ಟು, ಹರಿದರೂ ಬೇಸರವಾಗದ ಒಂದು ಹಳೆಯ ಬನಿಯನ್, ಕತ್ತರಿ.

ಮೊದಲು: ಮೂರು ಮಾತುಗಳನ್ನು ಬೇರೆ ಮಾಡಿಕೊಳ್ಳಿ

ಇಂಗ್ಲಿಷಿನವರು ಸೂಜಿಯದ್ದಕ್ಕೂ, ಇಲಿಯದ್ದಕ್ಕೂ, ಗಾಲ್ಫ್ ಚೆಂಡು ಬೀಳುವುದಕ್ಕೂ ‘ಹೋಲ್’ ಎಂಬ ಒಂದೇ ಮಾತನ್ನು ಹಚ್ಚುತ್ತಾರೆ. ನಮ್ಮಲ್ಲಿ ಸೂಜಿಗೆ ಕಣ್ಣು, ಇಲಿಗೆ ಬಿಲ, ಮೂಗಿಗೆ ಹೊಳ್ಳೆ, ಮರಕ್ಕೆ ಪೊಟರೆ, ಗೋಡೆಗೆ ಕಿಂಡಿ, ರಸ್ತೆಗೆ ಗುಂಡಿ. ರಸ್ತೆಯಲ್ಲಿ ತೂತು ಬಿದ್ದಿದೆ ಎಂದು ಯಾರೂ ದೂರು ಕೊಡುವುದಿಲ್ಲ. ಬಕೆಟ್ಟು ಗುಂಡಿಯಾಗಿದೆ ಎಂದೂ ಯಾರೂ ಗೊಣಗುವುದಿಲ್ಲ.

ಈ ಮಾತುಗಳನ್ನೆಲ್ಲ ಮೂರು ಬುಟ್ಟಿಗೆ ಹಾಕಬಹುದು. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರಲು ಸಾಧ್ಯವಿದ್ದರೆ ತೂತು. ಹೊಕ್ಕ ಬಾಯಿಯಿಂದಲೇ ಹಿಂತಿರುಗಬೇಕಿದ್ದರೆ ಗುಳಿ. ಹೊಗಲು ಬಾಯಿಯೇ ಇಲ್ಲದೆ ಒಳಗೆ ಬರಿದಾಗಿದ್ದರೆ ಟೊಳ್ಳು. ಎಣಿಸುವಾಗ ತೂತನ್ನು ಮಾತ್ರ ಎಣಿಸುತ್ತೇವೆ. ಟೊಳ್ಳಿಗೆ ಬೇರೆ ಲೆಕ್ಕವಿದೆ. ಗುಳಿಗೆ ಗಣಿತದಲ್ಲಿ ಬೆಲೆಯೇ ಇಲ್ಲ, ಎಷ್ಟಿದ್ದರೂ ಸೊನ್ನೆ.

ಅಳಗುಳಿಮಣೆಯನ್ನೇ ತೆಗೆದುಕೊಳ್ಳಿ. ಕರಾವಳಿಯಲ್ಲಿ ಚೆನ್ನೆಮಣೆ ಎನ್ನುತ್ತಾರೆ. ಎರಡು ಸಾಲಿನಲ್ಲಿ ಒಟ್ಟು 14 ಗುಳಿ. ತೂತು ಸೊನ್ನೆ. ತೂತಿದ್ದಿದ್ದರೆ ಹುಣಸೆಬೀಜವೆಲ್ಲ ಜಗಲಿಗೆ ಉದುರಿ ಆಟವೇ ನಡೆಯುತ್ತಿರಲಿಲ್ಲ. ಗುಳಿಯಪ್ಪದ ಕಾವಲಿಯದ್ದೂ ಇದೇ ಕಥೆ. ಇಡ್ಲಿ ತಟ್ಟೆ ಮಾತ್ರ ಎಚ್ಚರಿಕೆ ಬೇಡುತ್ತದೆ. ಅದರ ದೊಡ್ಡ ಕುಳಿಗಳು ಲೆಕ್ಕಕ್ಕಿಲ್ಲ. ಕುಳಿಯ ತಳದಲ್ಲಿ ಹಬೆ ಬರಲೆಂದು ಕೊರೆದ ಸಣ್ಣ ಸಣ್ಣ ರಂಧ್ರಗಳು, ತಟ್ಟೆಯ ನಡುವೆ ಕಂಬಿ ತೂರುವ ತೂತು, ಇವು ಲೆಕ್ಕಕ್ಕೆ ಬರುತ್ತವೆ. ದೊಡ್ಡದು ಗುಳಿ, ಚಿಕ್ಕದು ತೂತು. ಗಾತ್ರ ನೋಡಿ ಮೋಸಹೋಗಬಾರದು.

ಅಂಗಿಯ ಗುಂಡಿಯ ವಿಷಯದಲ್ಲಿ ನಮ್ಮ ಭಾಷೆ ತುಂಟತನ ಮಾಡಿದೆ. ರಸ್ತೆಯ ಗುಂಡಿಯೂ ಗುಂಡಿ, ಅಂಗಿಯದೂ ಗುಂಡಿ. ರಸ್ತೆಯದಕ್ಕೆ ತೂತಿಲ್ಲ, ಅಂಗಿಯದಕ್ಕೆ ನಾಲ್ಕು ತೂತು.

ವಸ್ತು ಯಾವುದೆಂದು ಗೊತ್ತುಮಾಡಿ

ಮುಚ್ಚಳವಿರುವ ಬಾಟಲಿಯೋ ಇಲ್ಲದ್ದೋ? ಲಾಡಿ ಹಾಕಿದ ಪೈಜಾಮವೋ ಹಾಕದ್ದೋ? ಎಣಿಸುವ ಮೊದಲೇ ಹೇಳಿಬಿಡಿ. ಇನ್ನೊಂದು ನಿಬಂಧನೆ ದಾರದ ದಪ್ಪದ್ದು. ಯಾರಾದರೂ ಅತಿಬುದ್ಧಿವಂತರು ‘ಬಟ್ಟೆಯ ನೇಯ್ಗೆಯ ಎಳೆ ಎಳೆಯ ನಡುವೆಯೂ ತೂತಿದೆಯಲ್ಲ, ಪಂಚೆಗೇ ಲಕ್ಷಾಂತರ ತೂತಾಗಲಿಲ್ಲವೇ?’ ಎಂದು ಕೇಳುತ್ತಾರೆ. ಕೇಳುವುದು ಸರಿಯೇ. ಅದಕ್ಕೇ ಮೊದಲು ದಾರವನ್ನು ಆರಿಸಿ ಮೇಜಿನ ಮೇಲಿಡಿ. ಈ ದಾರ ತೂರದ್ದು ಇವತ್ತಿನ ಮಟ್ಟಿಗೆ ತೂತಲ್ಲ ಎಂದು ಎಲ್ಲರಿಂದ ಒಪ್ಪಿಗೆ ಪಡೆಯಿರಿ. ಸೊಳ್ಳೆಪರದೆಯನ್ನು ಎಣಿಸಲು ಕೂರುವ ಕಷ್ಟ ತಪ್ಪುತ್ತದೆ.

ದಾರದ ಪರೀಕ್ಷೆ

ದಾರವನ್ನು ವಸ್ತುವಿನೊಳಗೆ ಪೋಣಿಸಿ, ಎರಡು ತುದಿ ಸೇರಿಸಿ ಗಂಟು ಹಾಕಿ. ಈಗ ದಾರವನ್ನೂ ಕತ್ತರಿಸದೆ, ವಸ್ತುವನ್ನೂ ಮುರಿಯದೆ ಆ ಉಂಗುರವನ್ನು ಬಿಡಿಸಲು ನೋಡಿ. ಬಂದರೆ ಅಲ್ಲಿ ತೂತಿರಲಿಲ್ಲ. ಬರದಿದ್ದರೆ ಇದೆ. ಬಳೆ, ಸೂಜಿ, ಉದ್ದಿನ ವಡೆ, ಕೋಡುಬಳೆ: ಒಂದೊಂದು. ಕೋಡುಬಳೆಯನ್ನು ಒಂದು ಕಡೆ ಮುರಿದಿರೋ, ಸೊನ್ನೆ.

ಈ ಪರೀಕ್ಷೆ ನನಗೆ ದುಬಾರಿ ಬೆಲೆಗೆ ಕಲಿಸಿದ ಪಾಠ. ಕಾಲೇಜಿನ ದಿನಗಳಲ್ಲಿ ಸೈಕಲ್ಲಿನ ಚೌಕಟ್ಟಿಗೆ ಸರಪಳಿ ತೂರಿಸಿ, ಅಂಗಡಿಯೊಂದರ ಮುಂದೆ ನೆಟ್ಟಿದ್ದ ಕಬ್ಬಿಣದ ಗೂಟಕ್ಕೆ ಸುತ್ತಿ, ಬೀಗ ಜಡಿದು ಸಿನಿಮಾ ನೋಡಲು ಹೋಗಿದ್ದೆ. ಗೂಟ ನನ್ನ ಎದೆಯೆತ್ತರಕ್ಕೆ ಇತ್ತು, ಗಟ್ಟಿಯಾಗಿತ್ತು, ಕಾಂಕ್ರೀಟಿನಲ್ಲಿ ಹೂತಿತ್ತು. ಹಿಂತಿರುಗಿದಾಗ ಗೂಟ ಅಲ್ಲೇ ಇತ್ತು. ಸೈಕಲ್ಲನ್ನು ಬೀಗ, ಸರಪಳಿ ಸಮೇತ ಎತ್ತಿ ಗೂಟದ ತಲೆಯ ಮೇಲಿಂದ ದಾಟಿಸಿ ಒಯ್ದಿದ್ದರು. ಸೈಕಲ್ಲಿಗೆ ತೂತಿತ್ತು, ಗೂಟಕ್ಕೆ ಇರಲಿಲ್ಲ. ಎರಡೂ ತುದಿ ನೆಲದಲ್ಲಿ ಹೂತ, ಕಮಾನಿನಂತೆ ಬಗ್ಗಿದ ಕಂಬಿಯಾಗಿದ್ದರೆ ಅದಕ್ಕೂ ನೆಲಕ್ಕೂ ನಡುವೆ ಒಂದು ತೂತು ಇರುತ್ತಿತ್ತು. ಬೀಗ ಹಾಕುವ ಮೊದಲು ಸರಪಳಿಯನ್ನೇ ದಾರವೆಂದುಕೊಂಡು ಎರಡೂ ಕಡೆ ಪರೀಕ್ಷಿಸಿ.

ಬಾಯಿ ಎಣಿಸಿ, ಒಂದನ್ನು ಕಳೆಯಿರಿ

ಪಾತ್ರೆ, ಕೊಳವೆ, ಚೀಲ, ಬಟ್ಟೆ ಎಂಬ ಪೊಳ್ಳು ವಸ್ತುಗಳಿಗೆಲ್ಲ ಇದೊಂದೇ ಸೂತ್ರ. ಒಳಗಿನ ಜಾಗಕ್ಕೆ ಎಷ್ಟು ಬಾಯಿಗಳಿವೆ ಎಂದು ಎಣಿಸಿ. ಒಂದನ್ನು ಕಳೆಯಿರಿ. ಉಳಿದದ್ದು ತೂತು.

ಕಳೆಯುವುದೇಕೆ? ಒಂದು ಬಾಯಿ ಒಳಗೆ ಹೋಗಲು ಬೇಕೇ ಬೇಕು. ಅದೊಂದೇ ಇದ್ದರೆ ಅದು ಗುಳಿ. ಎರಡನೆಯ ಬಾಯಿ ಬಿದ್ದಾಗಲೇ ಆಚೆ ಹೋಗುವ ದಾರಿ ಹುಟ್ಟುತ್ತದೆ. ಆಮೇಲೆ ಬೀಳುವ ಒಂದೊಂದು ಬಾಯಿಯೂ ಒಂದೊಂದು ಹೊಸ ದಾರಿ.

15 ಕೆಜಿಯ ಚೌಕ ಎಣ್ಣೆ ಡಬ್ಬಿಯನ್ನು ಬಿಚ್ಚಿದವರಿಗೆ ಇದು ಕೈಯಿಗೇ ಗೊತ್ತು. ತಗಡಿನ ಒಂದು ಮೂಲೆಗೆ ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದು ಡಬ್ಬಿಯನ್ನು ಬಗ್ಗಿಸಿದರೆ ಎಣ್ಣೆ ಗುಳುಕ್ ಗುಳುಕ್ ಎಂದು ತಡೆತಡೆದು ಬೀಳುತ್ತದೆ. ಒಂದೇ ಬಾಯಿಯಲ್ಲಿ ಎಣ್ಣೆ ಹೊರಗೆ ಬರಬೇಕು, ಗಾಳಿ ಒಳಗೆ ಹೋಗಬೇಕು. ಎದುರು ಮೂಲೆಗೆ ಇನ್ನೊಂದು ಏಟು ಬಿದ್ದೊಡನೆ ಧಾರೆ ಕಟ್ಟುತ್ತದೆ. ಮೊಳೆಯ ಮೊದಲ ಏಟಿಗೆ ಟೊಳ್ಳು ಗುಳಿಯಾಯಿತು, ಎರಡನೆಯದಕ್ಕೆ ಗುಳಿ ತೂತಾಯಿತು. ಮೊಳೆ ಎರಡು ಸಲ ಇಳಿದರೂ ತೂತು ಒಂದೇ. ತೆಂಗಿನಕಾಯಿಗೆ ಮೂರು ಕಣ್ಣು. ಮೆತ್ತನೆಯ ಒಂದನ್ನು ಮಾತ್ರ ಚುಚ್ಚಿದರೆ ತೂತು ಸೊನ್ನೆ, ನೀರೂ ಬೇಸರದಿಂದಲೇ ಬರುತ್ತದೆ.

ಈಗ ಉಳಿದವನ್ನು ಬೇಗ ಮುಗಿಸೋಣ. ಸ್ಟ್ರಾಗೆ ಎರಡು ಬಾಯಿ, ತೂತು ಒಂದು. ಲೋಟಕ್ಕೆ ಒಂದು ಬಾಯಿ, ತೂತು ಸೊನ್ನೆ. ಕಾಲುಚೀಲಕ್ಕೂ ಸೊನ್ನೆ, ಹೆಬ್ಬೆರಳು ಹೊರಗೆ ಇಣುಕುವವರೆಗೆ. ಕೊಡಕ್ಕೆ ಸೊನ್ನೆ. ತಳದಲ್ಲಿ ಒಂದು ಕಡೆ ಸೋರಿದರೆ ಬಾಯಿ ಎರಡು, ತೂತು ಒಂದು. ನಾಲ್ಕು ಕಡೆ ಸೋರಿದರೆ ನಾಲ್ಕು. ‘ತೂತು ಕೊಡ’ ಎನ್ನುವಾಗ ಮೇಲಿನ ದೊಡ್ಡ ಬಾಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಒಂದನ್ನು ಕಳೆಯುವ ಕೆಲಸವನ್ನು ಭಾಷೆಯೇ ಮಾಡಿಕೊಟ್ಟಿದೆ. ಕೊಂಬಿನಂಥ ಮೂತಿಯಿರುವ ಗಿಂಡಿಗೆ ಒಂದು ತೂತು. ಅದೇ ಚಹಾ ಕೆಟಲ್ ಆದರೆ ಮೂತಿಗೊಂದು, ಹಿಡಿಕೆಗೊಂದು, ಒಟ್ಟು ಎರಡು.

ಚಪ್ಪಟೆ ಹಲಗೆ, ತಟ್ಟೆ, ಜರಡಿಗಳಲ್ಲಿ ಕಳೆಯುವ ಗೊಡವೆಯಿಲ್ಲ. ಕಂಡಷ್ಟು ತೂತು ಬರೆದುಕೊಳ್ಳಿ. ಉಡುಪಿಯ ಕೃಷ್ಣಮಠದಲ್ಲಿ ದೇವರನ್ನು ನೋಡುವುದು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಿಂದ. ಅದು ಹಲಗೆಯಂಥದ್ದು, ಹಾಗಾಗಿ ತೂತು ಒಂಬತ್ತೇ. ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳಿಗೂ ಇದೇ ನಿಯಮ. ಆದರೆ ಅಲ್ಲಿ ಎಣಿಸಲು ಹೊರಟವರು ಸಂಜೆಯ ಬಸ್ಸು ತಪ್ಪಿಸಿಕೊಳ್ಳುತ್ತಾರೆ.

ಕರ್ನಾಟಕ ಸಂಗೀತದ ಕೊಳಲು ಒಂದು ಒಳ್ಳೆಯ ಬಲೆ. ಊದುವ ರಂಧ್ರ ಒಂದು, ಬೆರಳಿನ ರಂಧ್ರ ಎಂಟು. ಹೆಚ್ಚಿನವರು ಒಂಬತ್ತು ಎನ್ನುತ್ತಾರೆ. ಉತ್ತರವೂ ಒಂಬತ್ತೇ. ಆದರೆ ಅವರು ಕೊಳಲಿನ ತೆರೆದ ತುದಿಯನ್ನು ಮರೆತಿದ್ದಾರೆ, ಒಂದನ್ನು ಕಳೆಯುವುದನ್ನೂ ಮರೆತಿದ್ದಾರೆ. ಎರಡು ಮರೆವು ಸೇರಿ ಸರಿಯುತ್ತರ. ಇನ್ನೊಂದು ತುದಿಯ ಗಿಣ್ಣನ್ನೂ ಕೊರೆದು ತೆಗೆದ ಬಿದಿರನ್ನು ಅವರ ಕೈಗೆ ಕೊಡಿ, ಆಗ ಗೊತ್ತಾಗುತ್ತದೆ.

ಬಟ್ಟೆಯ ಬೀರು

ಇಲ್ಲಿ ಸ್ವಲ್ಪ ಕಾಲ ನಿಲ್ಲಬೇಕು. ತೂತಿನ ಪಾಠಕ್ಕೆ ದರ್ಜಿಯ ಅಂಗಡಿಗಿಂತ ಒಳ್ಳೆಯ ಶಾಲೆಯಿಲ್ಲ.

ಸೀರೆ, ಪಂಚೆ, ಶಲ್ಯ, ಟವೆಲು: ಸೊನ್ನೆ. ತುದಿಗಳನ್ನು ಸೇರಿಸಿ ಹೊಲಿದ ಲುಂಗಿ: ಒಂದು. ಚಡ್ಡಿ, ಪ್ಯಾಂಟು: ಬಾಯಿ ಮೂರು, ತೂತು ಎರಡು. ಬನಿಯನ್: ಕುತ್ತಿಗೆ, ಎರಡು ತೋಳು, ಕೆಳಗಿನ ಅಂಚು, ಬಾಯಿ ನಾಲ್ಕು, ತೂತು ಮೂರು.

ಬನಿಯನ್ನಿಗೆ ಮೂರೇ ಎಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಆಗ ದಾರ ತೆಗೆಯಿರಿ. ಕುತ್ತಿಗೆಯಿಂದ ಇಳಿಸಿ ಎಡತೋಳಿನಿಂದ ಹೊರತೆಗೆದು ಗಂಟು ಹಾಕಿ. ಇನ್ನೊಂದು ದಾರ ಕುತ್ತಿಗೆಯಿಂದ ಬಲತೋಳಿಗೆ. ಮೂರನೆಯದು ಕುತ್ತಿಗೆಯಿಂದ ಕೆಳಗಿನ ಅಂಚಿಗೆ. ‘ಎಡತೋಳಿನಿಂದ ಬಲತೋಳಿಗೂ ಹಾಕಬಹುದಲ್ಲ?’ ಎಂದು ಕೇಳುತ್ತಾರೆ. ಹಾಕಬಹುದು, ಆದರೆ ಅದು ಹೊಸ ದಾರಿಯಲ್ಲ. ಎಡತೋಳಿನಿಂದ ಕುತ್ತಿಗೆಗೆ ಬಂದು, ಕುತ್ತಿಗೆಯಿಂದ ಬಲತೋಳಿಗೆ ಹೋದಂತೆಯೇ ಅದು. ಹುಬ್ಬಳ್ಳಿಯಿಂದ ಮೈಸೂರಿಗೆ ಬೆಂಗಳೂರಿನ ಮೇಲೆ ಹೋಗಿ ಮೂರನೆಯ ರಸ್ತೆ ಕಂಡುಹಿಡಿದೆ ಎನ್ನಲಾದೀತೇ?

ಇನ್ನೂ ಒಪ್ಪದಿದ್ದರೆ ಹಳೆಯ ಬನಿಯನ್ ಮತ್ತು ಕತ್ತರಿ. ನಿಯಮ ಇಷ್ಟೇ: ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಕತ್ತರಿಸುತ್ತ ಹೋಗಿ, ಆದರೆ ಬಟ್ಟೆ ಎರಡು ತುಂಡಾಗಬಾರದು. ಎಡ ಹೆಗಲನ್ನು ಕುತ್ತಿಗೆಯಿಂದ ತೋಳಿನವರೆಗೆ ಕತ್ತರಿಸಿ. ಬಲ ಹೆಗಲನ್ನೂ ಹಾಗೆಯೇ. ಆಮೇಲೆ ಒಂದು ಕಂಕುಳಿನಿಂದ ಕೆಳಗಿನ ಅಂಚಿಗೆ. ಮೂರನೆಯ ಕತ್ತರಿ ಮುಗಿದಾಗ ಬನಿಯನ್ ನೆಲದ ಮೇಲೆ ಒಂದೇ ತುಂಡಾಗಿ ಚಪ್ಪಟೆಯಾಗಿ ಬಿದ್ದಿರುತ್ತದೆ, ನೆಲ ಒರೆಸುವುದಕ್ಕೆ ಸಿದ್ಧ. ನಾಲ್ಕನೆಯ ಸಲ ಕತ್ತರಿ ಹಾಕಿದಿರೋ, ಎರಡು ತುಂಡು. ಇದನ್ನೇ ತಿರುವಿ ಹೇಳುವುದಾದರೆ, ಒಂದೇ ತುಂಡು ಬಟ್ಟೆಯಿಂದ ಹೊಲಿಯುವ ದರ್ಜಿಗೆ ಉಡುಪಿನಲ್ಲಿ ಎಷ್ಟು ತೂತು ಬೇಕೋ ಕನಿಷ್ಠ ಅಷ್ಟು ಹೊಲಿಗೆ ಹಾಕದೆ ಗತ್ಯಂತರವಿಲ್ಲ. ಲುಂಗಿಗೆ ಒಂದು, ಚಡ್ಡಿಗೆ ಎರಡು, ಬನಿಯನ್ನಿಗೆ ಮೂರು.

ಸೀರೆಯ ಒಳಲಂಗ ಕೊಂಚ ಕಳ್ಳ ಲೆಕ್ಕದ್ದು. ಮೇಲೊಂದು ಕೆಳಗೊಂದು ಬಾಯಿ, ತೂತು ಒಂದು ಎಂದು ಬರೆದಿಟ್ಟರೆ ತಪ್ಪು. ಸೊಂಟದ ಸುತ್ತ ಮಡಿಸಿ ಹೊಲಿದ ಲಾಡಿಯ ದಾರಿಯಿದೆ. ಪಕ್ಕದ ಸೀಳಿನ ಈ ಬದಿಯಿಂದ ಹೊಕ್ಕ ಲಾಡಿ ಸೊಂಟವೆಲ್ಲ ಸುತ್ತಿ ಆ ಬದಿಯಿಂದ ಹೊರಬರುತ್ತದೆ. ಅದೂ ತೂತೇ, ಮೊಳಗಟ್ಟಲೆ ಉದ್ದದ ತೂತು. ಒಟ್ಟು ಎರಡು. ಒಳಗೆ ಸೇರಿಹೋದ ಲಾಡಿಯನ್ನು ಪಿನ್ನು ಚುಚ್ಚಿ ಒಂದೊಂದೇ ಅಂಗುಲ ಜರುಗಿಸಿದವರಿಗೆ ಈ ತೂತನ್ನು ಪರಿಚಯಿಸುವ ಅಗತ್ಯವಿಲ್ಲ.

ಮುಂದೆ ತೆರೆದ ಅಂಗಿಗೆ ಗುಂಡಿ ಹಾಕದಿದ್ದಾಗ, ಕಾಜಾ, ಗುಂಡಿ, ಕಿಸೆಗಳನ್ನು ಬಿಟ್ಟು ಎಣಿಸಿದರೆ, ತೋಳಿನ ಎರಡೇ ತೂತು. ಕುತ್ತಿಗೆ, ಮುಂಭಾಗ, ಕೆಳಗಿನ ಅಂಚು ಎಲ್ಲ ಸೇರಿ ಒಂದೇ ದೊಡ್ಡ ಬಾಯಿ. ಒಂದು ಗುಂಡಿ ಹಾಕಿ, ಮೂರಾಯಿತು. ಎರಡನೆಯದನ್ನು ಹಾಕಿದರೆ ಎರಡು ಗುಂಡಿಗಳ ನಡುವೆ ಒಂದು ಸಂದು ಹುಟ್ಟಿತು, ನಾಲ್ಕು. ಏಳು ಗುಂಡಿಯ ಅಂಗಿಯನ್ನು ಪೂರ್ತಿ ಹಾಕಿದರೆ ಒಂಬತ್ತು. ಮುಚ್ಚಿಕೊಳ್ಳಲು ಗುಂಡಿ ಹಾಕುತ್ತೇವೆ, ತೂತು ಹೆಚ್ಚುತ್ತ ಹೋಗುತ್ತದೆ. ಹೊಟ್ಟೆ ಬಂದ ಗಂಡಸರು ಊಟದ ಪಂಕ್ತಿಯಲ್ಲಿ ಕೂತಾಗ ಆ ತೂತುಗಳನ್ನು ಬರಿಗಣ್ಣಿನಿಂದಲೇ ಎಣಿಸಬಹುದು.

ಹಿಟ್ಟಿನ ಪರೀಕ್ಷೆ

ಕೆಲವು ವಸ್ತುಗಳಲ್ಲಿ ಬಾಯಿ ಯಾವುದು, ಒಳಗು ಯಾವುದು ಎಂದೇ ತಿಳಿಯುವುದಿಲ್ಲ. ಆಗ ಆ ವಸ್ತುವನ್ನು ಚಪಾತಿ ಹಿಟ್ಟಿನಲ್ಲಿ ಮಾಡಿ. ಅದನ್ನು ಒತ್ತಬಹುದು, ಹಿಗ್ಗಿಸಬಹುದು, ಉಬ್ಬುತಗ್ಗುಗಳನ್ನು ಸವರಬಹುದು. ಹರಿಯಬಾರದು, ಹೊಸದಾಗಿ ಅಂಟಿಸಬಾರದು. ಹೀಗೆ ಸವರುತ್ತ ಹೋದರೆ ಗುಳಿಗಳೆಲ್ಲ ಮಾಯವಾಗಿ ತೂತುಗಳು ಮಾತ್ರ ಉಳಿಯುತ್ತವೆ. ಲೋಟ ಉಂಡೆಯಾಗುತ್ತದೆ. ಹಿಡಿಯಿರುವ ಕಾಫಿ ಕಪ್ಪು ಎಷ್ಟು ಸವರಿದರೂ ಉಂಡೆಯಾಗದೆ ಉದ್ದಿನ ವಡೆಯಾಗಿ ನಿಲ್ಲುತ್ತದೆ. ಮಕ್ಕಳ ಕೈಗೆ ಹಿಟ್ಟು ಕೊಟ್ಟು ಈ ಒಂದನ್ನು ಮಾಡಿಸಿ ನೋಡಿ. ಕಪ್ಪಿನ ಕುಳಿ ಹೆಬ್ಬೆರಳ ಒತ್ತಿಗೆ ಮೇಲೆ ಬರುತ್ತ, ಹಿಡಿ ದಪ್ಪವಾಗುತ್ತ ಬಂದಾಗ ಅವರ ಮುಖ ನೋಡುವಂತಿರುತ್ತದೆ.

2016ರಲ್ಲಿ ಥೌಲೆಸ್, ಹಾಲ್ಡೇನ್, ಕೋಸ್ಟರ್‌ಲಿಟ್ಸ್ ಎಂಬ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂದಾಗ, ಸಮಿತಿಯ ಸದಸ್ಯ ಥೋರ್ಸ್ ಹಾನ್ಸ್ ಹಾನ್ಸನ್ ಪತ್ರಕರ್ತರೆದುರು ಚೀಲದಿಂದ ಒಂದು ಬನ್ನು, ಒಂದು ಬೇಗಲ್, ಒಂದು ಪ್ರೆಟ್ಜೆಲ್ ತೆಗೆದು ತೋರಿಸಿದ. ಸೊನ್ನೆ, ಒಂದು, ಎರಡು ತೂತು. ಒಂದೂವರೆ ತೂತಿನ ತಿಂಡಿ ಇರಲಾರದು ಎಂಬುದೇ ಅವನು ಹೇಳಬೇಕಿದ್ದ ವಿಷಯ. ಅತಿ ತಣ್ಣನೆಯ ಪದಾರ್ಥಗಳಲ್ಲಿ ಕೆಲವು ಗುಣಗಳು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಬದಲಾಗುತ್ತವೆ. ನಮ್ಮಲ್ಲಾಗಿದ್ದರೆ ಲಾಡು, ವಡೆ, ಜಹಾಂಗೀರು ಸಾಕಿತ್ತು. ಜಹಾಂಗೀರಿಗೆ ಎರಡಲ್ಲ, ಹೂವಿನ ಎಸಳಿನಷ್ಟು ತೂತು.

ಚಕ್ಕುಲಿಯ ಪ್ರಶ್ನೆ ಬಂದೇ ಬರುತ್ತದೆ. ಒರಳಿನಿಂದ ಒತ್ತಿದಾಗ ಅದು ಸುರುಳಿ ಮಾತ್ರ. ಸುತ್ತುಗಳು ಒಂದಕ್ಕೊಂದು ತಾಗದಿದ್ದರೆ ಬಿಚ್ಚಿ ನೇರ ಕಡ್ಡಿ ಮಾಡಬಹುದು, ಆದ್ದರಿಂದ ಸೊನ್ನೆ. ಒತ್ತುವವರು ಕೊನೆಯ ತುದಿಯನ್ನು ಪಕ್ಕದ ಸುತ್ತಿಗೆ ಬೆರಳಿನಿಂದ ಅದುಮುತ್ತಾರಲ್ಲ, ಅಲ್ಲಿಗೆ ಒಂದು. ಎಣ್ಣೆಯಲ್ಲಿ ಬೇಯುವಾಗ ಎಲ್ಲೆಲ್ಲಿ ಸುತ್ತಿಗೆ ಸುತ್ತು ಅಂಟುತ್ತದೋ ಅಲ್ಲೆಲ್ಲ ಇನ್ನೊಂದೊಂದು. ಅಂಟಿದ ಜಾಗಗಳನ್ನು ಎಣಿಸಿ, ಅದೇ ಉತ್ತರ. ಒಂದೇ ಹದದ ಹಿಟ್ಟು, ಒಂದೇ ಬಾಣಲೆ, ಆದರೂ ಎರಡು ಚಕ್ಕುಲಿಗೆ ಒಂದೇ ಲೆಕ್ಕ ಬರುವುದು ಅಪರೂಪ.

ಕಡ್ಡಿ, ತಂತಿ, ಏಣಿ

ರಾಜ್ಯ ಪಠ್ಯಕ್ರಮದಲ್ಲಿ ಎಸ್ಸೆಸ್ಸೆಲ್ಸಿ ಓದಿದ ಹಳಬರಿಗೆ ಜಾಲಾಕೃತಿಯ ಪಾಠದ ‘ಎನ್ + ಆರ್ = ಎ + 2’ ನೆನಪಿರಬಹುದು: ಎನ್ ಎಂದರೆ ಗೆರೆಗಳು ಕೂಡುವ ಬಿಂದುಗಳು, ಆರ್ ಎಂದರೆ ವಲಯಗಳು, ಎ ಎಂದರೆ ಬಿಂದುಗಳನ್ನು ಕೂಡಿಸುವ ಗೆರೆಗಳು. ಎರಡು ಅಂಕಕ್ಕೆ ಬಾಯಿಪಾಠ ಮಾಡಿ ಮರೆತ ಆ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ಬೇರು ಗಣಿತಜ್ಞ ಆಯ್ಲರ್ 1750ರಲ್ಲಿ ಇನ್ನೊಬ್ಬ ಗಣಿತಜ್ಞ ಗೋಲ್ಡ್‌ಬಾಖ್‌ಗೆ ಬರೆದ ಪತ್ರದಲ್ಲಿದೆ: ಘನಾಕೃತಿಯ ಮೂಲೆಗಳಿಗೆ ಮುಖಗಳನ್ನು ಕೂಡಿ ಅಂಚುಗಳನ್ನು ಕಳೆದರೆ ಎರಡು. ತೂತಿರುವ ಘನಾಕೃತಿಗಳಲ್ಲಿ ಆಯ್ಲರನ ಲೆಕ್ಕ ತಪ್ಪುತ್ತದೆ, ಎಷ್ಟು ತೂತೋ ಅದರ ಎರಡರಷ್ಟು ಕಡಿಮೆ ಬರುತ್ತದೆ ಎಂದು 1813ರಲ್ಲಿ ತೋರಿಸಿದವನು ಲ್ಯುಲಿಯೆ.

ನಮಗೆ ಬೇಕಾದ ರೂಪ ಇದು: ಕಡ್ಡಿಗಳ ಸಂಖ್ಯೆಯಿಂದ ಅವು ಕೂಡುವ ಬಿಂದುಗಳ ಸಂಖ್ಯೆ ಕಳೆದು ಒಂದು ಕೂಡಿಸಿ. ವಸ್ತು ಒಂದೇ ತುಂಡಾಗಿರಬೇಕು. ತುದಿಗಳು ಹೊರಚಾಚಿದ್ದರೆ ಅವನ್ನು ಮರೆತುಬಿಡಿ.

ಹತ್ತು ಮೆಟ್ಟಿಲಿನ ಏಣಿ. ಕೂಡುವ ಬಿಂದು 20. ಕಡ್ಡಿ: ಮೆಟ್ಟಿಲು 10, ಎರಡು ಬದಿಯಲ್ಲಿ ಮೆಟ್ಟಿಲುಗಳ ನಡುವಿನ ತುಂಡು ಒಂಬತ್ತೊಂಬತ್ತು, ಒಟ್ಟು 28. 28ರಲ್ಲಿ 20 ಹೋದರೆ 8, ಒಂದು ಕೂಡಿದರೆ 9. ಕಣ್ಣಿಗೆ ಕಾಣುವುದೂ ಒಂಬತ್ತೇ. ತಗಡಿನಲ್ಲಿ ಕತ್ತರಿಸಿದ ಅಶೋಕ ಚಕ್ರಕ್ಕೆ, ನಡುವಿನ ಗುಂಬ ಗಟ್ಟಿಯಾಗಿದ್ದರೆ, 24 ಕಡ್ಡಿಗೆ 24 ತೂತು.

ಸೂತ್ರ ನಿಜವಾಗಿ ಕೈಹಿಡಿಯುವುದು ನಾಲ್ಕು ಕಾಲಿನ ಸ್ಟೂಲಿನಲ್ಲಿ. ಬರೀ ಕಾಲುಗಳಿದ್ದರೆ ತೂತು ಸೊನ್ನೆ. ಕಾಲುಗಳ ನಡುವೆ ಬೆಕ್ಕು ನುಸುಳುತ್ತದೆ ನಿಜ, ಆದರೆ ಅಲ್ಲಿ ಕಟ್ಟಿದ ದಾರ ಕೆಳಗೆ ಜಾರಿ ಬಿದ್ದುಹೋಗುತ್ತದೆ. ಕಾಲುಗಳನ್ನು ನಾಲ್ಕು ಅಡ್ಡಪಟ್ಟಿಗಳಿಂದ ಬಿಗಿದಿದ್ದರೆ? ನಾಲ್ಕು ಬದಿಗೆ ನಾಲ್ಕು ಕಿಟಕಿ, ಕೆಳಗಿನಿಂದ ನೋಡಿದರೆ ಐದನೆಯ ಚೌಕ. ಐದು ಎಂದು ಆಣೆ ಮಾಡುವವರಿದ್ದಾರೆ. ಬಿಂದು: ಆಸನವನ್ನೇ ಒಂದು ಎಂದಿಟ್ಟುಕೊಳ್ಳಿ, ಕಾಲುಗಳ ಮೇಲೆ ನಾಲ್ಕು, ಒಟ್ಟು 5. ಕಡ್ಡಿ: ಕಾಲು 4, ಪಟ್ಟಿ 4, ಒಟ್ಟು 8. ಉತ್ತರ 4. ಐದು ಬಾಯಿಯ ಗೂಡು ಅದು. ಒಂದನ್ನು ಕಳೆಯಿರಿ ಎಂದ ಹಳೆಯ ಸೂತ್ರವೂ ಇದನ್ನೇ ಹೇಳುತ್ತದೆ.

ನೆಲದ ತೂತು

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ರೈಲಿನಲ್ಲಿ ಕೂತ ಮಕ್ಕಳು 57 ಸುರಂಗ ಬರುವವರೆಗೂ ಕೂಗು ಹಾಕುತ್ತಾರೆ. ಒಂದೊಂದು ಸುರಂಗವೂ ಭೂಮಿಗೆ ಒಂದೊಂದು ತೂತು, ಅದರಲ್ಲಿ ತಕರಾರಿಲ್ಲ. ಆದರೆ ಸುರಂಗದ ನಡುನಡುವೆ ಬರುವ ಸೇತುವೆಗಳನ್ನು ಯಾರೂ ಎಣಿಸುವುದಿಲ್ಲ. ದಾರವನ್ನು ಸೇತುವೆಯ ಅಡಿಯಲ್ಲಿ ಹಾಯಿಸಿ ಮೇಲೆ ತಂದು ಗಂಟು ಹಾಕಿ ನೋಡಿ, ಬಿಡಿಸಲಾಗದು. ಬೆಟ್ಟ ಮೇಲಿದ್ದು ರೈಲು ಕೆಳಗಿದ್ದರೆ ಸುರಂಗ, ರೈಲು ಮೇಲಿದ್ದು ಹಳ್ಳ ಕೆಳಗಿದ್ದರೆ ಸೇತುವೆ. ಲೆಕ್ಕಕ್ಕೆ ಎರಡೂ ಒಂದೇ ಜಾತಿ. ಐದು ಕಮಾನಿನ ಸೇತುವೆಯಾದರೆ ಐದು ತೂತು. ಇಲಿಯ ಬಿಲಕ್ಕೆ ಒಂದೇ ಬಾಯಿಯಿದ್ದರೆ ಗುಳಿ. ಹಿತ್ತಿಲಲ್ಲಿ ಅದಕ್ಕೆ ಇನ್ನೊಂದು ಬಾಯಿ ಇದ್ದೇ ಇರುತ್ತದೆ ಎಂಬುದು ಹೊಗೆ ಹಾಕಿ ಸೋತ ಎಲ್ಲರಿಗೂ ಗೊತ್ತು.

ಕೊನೆಗೆ, ನಿಮ್ಮನ್ನೇ ಎಣಿಸಿಕೊಳ್ಳಿ

ನಮ್ಮ ದೇಹಕ್ಕೆ ನವರಂಧ್ರ ಎಂದು ಹಿಂದಿನವರು ಹೇಳಿದರು. ಕಣ್ಣು ಎರಡು, ಕಿವಿ ಎರಡು, ಹೊಳ್ಳೆ ಎರಡು, ಬಾಯಿ, ಕೆಳಗೆ ಎರಡು. ಬಾಯಿಗಳ ಪಟ್ಟಿಯಾಗಿ ಇದು ಸರಿ. ತೂತಿನ ಲೆಕ್ಕಕ್ಕೆ ಒಂದೊಂದನ್ನೂ ಪರೀಕ್ಷಿಸಬೇಕು, ದಾರ ಹಾಕದೆ, ಬುದ್ಧಿಯಿಂದ ಮಾತ್ರ.

ಕಿವಿಯ ದಾರಿ ತಮಟೆಯ ಬಳಿ ಮುಚ್ಚಿಹೋಗುತ್ತದೆ. ಹಾಗಾಗಿ ಅದು ಗುಳಿ. ಮೂತ್ರದ ದಾರಿ ಮೂತ್ರಪಿಂಡದಲ್ಲಿ ಕೊನೆಯಾಗುತ್ತದೆ, ಅದೂ ಗುಳಿ. ಬಾಯಿಯಿಂದ ಗುದದವರೆಗೆ ಅನ್ನದ ಹಾದಿ ತೆರೆದಿದೆ. ಎರಡು ಹೊಳ್ಳೆಗಳೂ ಗಂಟಲಿನ ಹಿಂದೆ ಅದನ್ನು ಸೇರುತ್ತವೆ. ಕಣ್ಣು? ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಮೂಗಿನ ಕಡೆಯ ಮೂಲೆಯಲ್ಲಿ ಮೆಲ್ಲಗೆ ಎಳೆದು ನೋಡಿ. ಅಂಚಿನಲ್ಲಿ ಸೂಜಿಮೊನೆಯಷ್ಟು ಒಂದು ಚುಕ್ಕೆ ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದೇ ಒಂದಿದೆ. ಕಣ್ಣೀರು ಇವುಗಳಲ್ಲಿ ಇಳಿದು ಮೂಗಿನೊಳಗೆ ಬರುತ್ತದೆ. ಅತ್ತಾಗ ಮೂಗು ಸೋರುವುದು, ಕಣ್ಣಿಗೆ ಬಿಟ್ಟ ಔಷಧ ಗಂಟಲಲ್ಲಿ ಕಹಿಯಾಗುವುದು ಇದರಿಂದಲೇ. ಎರಡು ಕಣ್ಣಿಗೆ ನಾಲ್ಕು ಬಾಯಿ.

ಈಗ ಕೂಡಿ: ಬಾಯಿ ಒಂದು, ಗುದ ಒಂದು, ಹೊಳ್ಳೆ ಎರಡು, ಕಣ್ಣೀರಿನ ಬಾಯಿ ನಾಲ್ಕು. ಎಂಟರಲ್ಲಿ ಒಂದು ಕಳೆದರೆ ಏಳು. ಹುಟ್ಟಿದಾಗ ನಮಗಿರುವುದು ಏಳು ತೂತು.

ಆಮೇಲೆ ಚುಚ್ಚಿಸಿಕೊಂಡದ್ದು ಬೇರೆ. ಕಿವಿಯ ಹಾಲೆಗೆ ಒಂದೊಂದು, ಮೂಗಿನ ಪಕ್ಕಕ್ಕೆ ಚುಚ್ಚಿದರೆ ಹೊಳ್ಳೆಯೊಳಕ್ಕೆ ಇನ್ನೊಂದು ಬಾಯಿ. ನನ್ನ ಅಜ್ಜಿಗೆ ಎರಡು ಕಿವಿಯೂ ಎರಡು ಮೂಗಿನ ಬದಿಯೂ ಚುಚ್ಚಿತ್ತು, ಒಟ್ಟು ಹನ್ನೊಂದು. ಚುಚ್ಚಿದ ತೂತನ್ನು ಬರಿದು ಬಿಟ್ಟರೆ ಮಾಂಸ ಬೆಳೆದು ಕೂಡಿಕೊಳ್ಳುತ್ತದೆ. ಒಂದು ಬರಗಾಲದ ವರ್ಷ ಮೂಗುಬೊಟ್ಟುಗಳು ಗಿರವಿ ಅಂಗಡಿಗೆ ಹೋದವಂತೆ. ಅವು ಬಿಡಿಸಿಕೊಂಡು ಬರುವವರೆಗೆ ಅಜ್ಜಿ ಎರಡೂ ಕಡೆ ಬೇವಿನ ಕಡ್ಡಿಯ ಚೂರು ಸಿಕ್ಕಿಸಿಕೊಂಡೇ ಓಡಾಡಿದಳು.